ಏಳುವ ಹಕ್ಕು: ಕಂಪ್ಯೂಟರ್ ಮುಂದಿನ ದುಡಿಮೆಯೂ ನಮ್ಮ ದೇಹವೂ

(ದತ್ತಿ ಉಪನ್ಯಾಸದ ಬರಹರೂಪ)



ದುಡಿಯುವವರ ಆರೋಗ್ಯದ ಬಗ್ಗೆ ವರ್ಷಕ್ಕೊಮ್ಮೆಯಾದರೂ ಬಹಿರಂಗವಾಗಿ ಮಾತು ನಡೆಯಲಿ ಎಂಬ ಆಶಯದಿಂದ ಹುಟ್ಟಿದ ದತ್ತಿ ಇದು. ದುಡಿಮೆಯ ರೋಗ ಎಂದಕೂಡಲೇ ನಮಗೆ ನೆನಪಾಗುವುದು ಗಣಿ, ಕಲ್ಲುಕ್ವಾರಿ, ಗಿರಣಿ, ಬೀಡಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಮಾಡಿದ ಹಾನಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಗಿರಣಿಯ ಸದ್ದು ಕಿವಿಗೆ ಮಾಡಿದ ಹಾನಿಯನ್ನು ಯಂತ್ರ ಅಳೆದು ತೋರಿಸುತ್ತದೆ. ಇಂದು ನಾನು ಆರಿಸಿಕೊಂಡಿರುವ ದುಡಿಮೆಯಲ್ಲಿ ಧೂಳಿಲ್ಲ, ಸದ್ದಿಲ್ಲ, ಬಿಸಿಲಿಲ್ಲ. ಕಂಪ್ಯೂಟರ್ ಮುಂದೆ ದಿನಕ್ಕೆ ಎಂಟು, ಹತ್ತು, ಹನ್ನೆರಡು ಗಂಟೆ ಕುಳಿತು ಮಾಡುವ ಕೆಲಸ ಅದು.

ಈ ಕೆಲಸವನ್ನು ಕಷ್ಟವೆಂದು ಒಪ್ಪಿಕೊಳ್ಳಲು ನಮ್ಮ ಮನೆಗಳೇ ಹಿಂಜರಿಯುತ್ತವೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎನ್ನುವ ಸಮಾಜ ನಮ್ಮದು. ಕೂರುವುದೆಂದರೆ ನಮಗೆ ವಿಶ್ರಾಂತಿ. ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದ ತಂದೆತಾಯಿ ಮಕ್ಕಳಿಗೆ ಹಾರೈಸಿದ್ದು ಫ್ಯಾನಿನ ಕೆಳಗೆ ಕುಳಿತು ಮಾಡುವ ಕೆಲಸವನ್ನು. ಆ ಹಾರೈಕೆಯ ಹಿಂದಿನ ನೋವು ಅರ್ಥವಾಗುವಂಥದು. ಆದರೆ ಅದರ ಫಲವಾಗಿ, ಮಗಳು ಬೆನ್ನುನೋವು ಎಂದಾಗ "ಕೂತಲ್ಲೇ ಕೆಲಸ, ನಿನಗೇನು ನೋವು?" ಎಂಬ ಪ್ರಶ್ನೆ ಬರುತ್ತದೆ. ಅವಳೂ ಸುಮ್ಮನಾಗುತ್ತಾಳೆ.

ಕಂಪ್ಯೂಟರ್ ಕೆಲಸ ಎಂದರೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರುಗಳದ್ದು ಮಾತ್ರ ಎಂದುಕೊಳ್ಳಬೇಡಿ. ನಾಡಕಚೇರಿಯ ಡೇಟಾ ಎಂಟ್ರಿ ಆಪರೇಟರ್, ಬ್ಯಾಂಕಿನ ಗುಮಾಸ್ತೆ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹುಡುಗಿ, ಕಾಲ್ ಸೆಂಟರಿನ ರಾತ್ರಿ ಪಾಳಿಯವರು, ನಮ್ಮ ಪತ್ರಿಕೆ ಪುಸ್ತಕಗಳ ಪುಟ ಕಟ್ಟುವ ಡಿಟಿಪಿಯವರು, ಎಲ್ಲರದೂ ಇದೇ ದುಡಿಮೆ. ಹಿಂದೆ ಶ್ಯಾನುಭೋಗರು ಕೈಯಲ್ಲಿ ಬರೆಯುತ್ತಿದ್ದ ಪಹಣಿ ಇಂದು ಭೂಮಿ ಯೋಜನೆಯ ಪರದೆಯ ಮೇಲಿದೆ. ಬರೆಯುವವರ ಕಾಯಿಲೆಯೂ ಜೊತೆಯಲ್ಲೇ ಬಂದಿದೆ.

ನಾನು ಹೇಳಬೇಕಾದ ಮಾತು ಒಂದೇ. ಈ ದುಡಿಮೆಯಲ್ಲಿ ದೇಹ ಕೇಳುವುದು ಬೆಲೆಬಾಳುವ ಕುರ್ಚಿಗಿಂತ ಹೆಚ್ಚಾಗಿ ಕುರ್ಚಿಯಿಂದ ಮತ್ತೆ ಮತ್ತೆ ಏಳುವ ಅವಕಾಶವನ್ನು. ಆ ಅವಕಾಶವನ್ನು ನೌಕರ ತನ್ನ ಶಿಸ್ತಿನಿಂದಲೇ ಗಳಿಸಿಕೊಳ್ಳಬೇಕು ಎನ್ನುವುದು ಅನ್ಯಾಯ. ಕೆಲಸವನ್ನು ಹಂಚುವ ಮತ್ತು ಅಳೆಯುವ ಕ್ರಮದಲ್ಲೇ ಅದು ಇರಬೇಕು.

ಮುನ್ನೂರು ವರ್ಷ ಹಿಂದಿನ ರೋಗನಿರ್ಣಯ

ಇಟಲಿಯ ವೈದ್ಯ ಬರ್ನಾರ್ದಿನೋ ರಾಮತ್ಸೀನಿ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಗ್ರಂಥ ಪ್ರಕಟಿಸಿದ. ಹಿಪ್ಪೊಕ್ರೆಟಿಸನ ಕಾಲದಿಂದ ವೈದ್ಯರು ರೋಗಿಗೆ ಕೇಳುತ್ತಿದ್ದ ಪ್ರಶ್ನೆಗಳಿಗೆ ಆತ ಇನ್ನೊಂದನ್ನು ಸೇರಿಸಿದ: "ನೀನು ಮಾಡುವ ಕೆಲಸ ಯಾವುದು?" ಔದ್ಯೋಗಿಕ ವೈದ್ಯಶಾಸ್ತ್ರ ಬೆಳೆದದ್ದು ಈ ಪ್ರಶ್ನೆಯಿಂದ.

1713ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದಾಗ, ಆತ ಆ ಗ್ರಂಥವನ್ನು ಹಿಗ್ಗಿಸಿದ. ಆಗ ಸೇರಿದ ಅಧ್ಯಾಯಗಳಲ್ಲಿ ಒಂದು ಬರವಣಿಗೆಯ ಗುಮಾಸ್ತರದು. ಅವರ ಕಾಯಿಲೆಗಳಿಗೆ ಆತ ಮೂರು ಕಾರಣ ಹೇಳುತ್ತಾನೆ. ಒಂದು, ಸದಾ ಕುಳಿತೇ ಇರುವುದು. ಎರಡು, ಕೈ ಬಿಡುವಿಲ್ಲದೆ ಒಂದೇ ರೀತಿಯಲ್ಲಿ ಚಲಿಸುತ್ತಿರುವುದು. ಮೂರು, ತಪ್ಪಾಗಬಾರದೆಂದು ಮನಸ್ಸು ಬಿಗಿಹಿಡಿದುಕೊಂಡಿರುವುದು. ತಾನು ಕಂಡ ಒಬ್ಬ ಪತ್ರಬರಹಗಾರನ ಕಥೆಯನ್ನೂ ಆತ ಹೇಳುತ್ತಾನೆ. ಬದುಕಿಡೀ ಬರೆದ ಆ ಮನುಷ್ಯನ ಬಲಗೈ ಮೊದಲು ದಣಿಯಿತು, ಕೊನೆಗೆ ಸೋತೇಹೋಯಿತು. ಎಡಗೈಯಲ್ಲಿ ಬರೆಯಲು ಅಭ್ಯಾಸ ಮಾಡಿಕೊಂಡ. ಕೆಲವೇ ದಿನಗಳಲ್ಲಿ ಅದಕ್ಕೂ ಅದೇ ಗತಿ ಬಂತು.

ಕೆಲಸದ ರೀತಿ ಬದಲಾಗದೆ ಕೈಯನ್ನಷ್ಟೇ ಬದಲಾಯಿಸಿದ್ದರಿಂದ ಆ ಬಡಪಾಯಿಗೆ ಪ್ರಯೋಜನವಾಗಲಿಲ್ಲ. ಹೊಸ ಮೌಸ್, ಹೊಸ ಕನ್ನಡಕ, ಹೊಸ ಕುರ್ಚಿ ಕೊಂಡು ಅದೇ ಹನ್ನೆರಡು ಗಂಟೆ ಕೂರುವವರಿಗೂ ಈ ಮಾತು ಅನ್ವಯಿಸುತ್ತದೆ. ರಾಮತ್ಸೀನಿಯ ಮೂರು ಕಾರಣಗಳನ್ನೇ ಒಂದೊಂದಾಗಿ ನೋಡೋಣ.

ಕುಳಿತ ಕಾಲು

1953ರಲ್ಲಿ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ಡ್ರೈವರ್, ಕಂಡಕ್ಟರ್ ಇಬ್ಬರದೂ ಒಂದೇ ಬಸ್ಸು, ಒಂದೇ ಊರು. ಡ್ರೈವರ್ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಹೃದ್ರೋಗ ಡ್ರೈವರುಗಳಲ್ಲಿ ಹೆಚ್ಚು, ಕಂಡಕ್ಟರುಗಳಲ್ಲಿ ಕಡಿಮೆ ಎಂದು ಕಂಡುಬಂತು. ಮಾರಿಸ್ ಅಷ್ಟಕ್ಕೇ ತೃಪ್ತರಾಗಲಿಲ್ಲ. ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದಾಗ ಡ್ರೈವರುಗಳ ಸೊಂಟದ ಸುತ್ತಳತೆ ಮೊದಲಿನಿಂದಲೇ ಹೆಚ್ಚಿರುವುದು ತಿಳಿಯಿತು. 1956ರಲ್ಲಿ ಅದನ್ನೂ ಪ್ರಕಟಿಸಿದರು. ಕೂರುವುದೊಂದೇ ಕಾರಣವಲ್ಲ ಎಂಬ ಎಚ್ಚರ ಅದರಲ್ಲಿದೆ. ಆ ಎಚ್ಚರವನ್ನು ಉಳಿಸಿಕೊಂಡು ನಡೆದ ಮುಂದಿನ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿವೆ.

ಕುಳಿತಾಗ ಒಳಗೆ ನಡೆಯುವುದೇನು? ದೇಹದ ಅತಿ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ಪೃಷ್ಠದಲ್ಲಿ. ಅವು ಸಂಕುಚಿಸಿದಾಗ ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಒಳಕ್ಕೆ ಎಳೆದುಕೊಳ್ಳಬಲ್ಲವು. ಕುಳಿತಾಗ ಆ ಕೆಲಸ ನಿಂತಂತೆಯೇ. ಮಧ್ಯಾಹ್ನ ಅನ್ನ ಸಾರು ಉಂಡು ನೇರ ಪರದೆಯ ಮುಂದೆ ಕುಳಿತವರ ರಕ್ತದಲ್ಲಿ ಸಕ್ಕರೆ ಏರಿ, ನಿಧಾನವಾಗಿ ಇಳಿಯುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ತೂಕ ಹೆಚ್ಚಿದ್ದ 19 ಮಂದಿಯನ್ನು ಒಂದು ದಿನ ಗಂಟೆಗಟ್ಟಲೆ ಕೂರಿಸಿದರು. ಇನ್ನೊಂದು ದಿನ ಪ್ರತಿ 20 ನಿಮಿಷಕ್ಕೊಮ್ಮೆ 2 ನಿಮಿಷ ನಡೆಸಿದರು. ನಡೆದ ದಿನ ಆಹಾರದ ನಂತರದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ತಗ್ಗಿತು. ಮೆಲ್ಲಗೆ ನಡೆದರೂ ಸಾಕಾಯಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶ ನಮ್ಮದು. ಆ ಎರಡು ನಿಮಿಷದ ಬೆಲೆ ನಮಗೆ ತಿಳಿದಿರಬೇಕು.

ಇನ್ನು ಮೀನಖಂಡ. ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಿ ಕಳಿಸುವ ಈ ಸ್ನಾಯುವನ್ನು ವೈದ್ಯರು ಎರಡನೆಯ ಹೃದಯ ಎನ್ನುತ್ತಾರೆ. ಅದು ಸುಮ್ಮನಿದ್ದರೆ ರಕ್ತ ಕೆಳಗೇ ತಂಗುತ್ತದೆ. 1940ರಲ್ಲಿ ಬಾಂಬ್ ದಾಳಿಗೆ ಹೆದರಿ ಲಂಡನ್ನಿನ ಜನ ನೆಲಮಾಳಿಗೆಗಳಲ್ಲಿ ಮಡಿಸುವ ಕುರ್ಚಿಗಳ ಮೇಲೆ ರಾತ್ರಿಗಳನ್ನು ಕಳೆದರು. ಅವರಲ್ಲಿ ಕೆಲವರು ಬಾಂಬಿಗೆ ಬಲಿಯಾಗದೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸತ್ತರು ಎಂದು ವಿಧಿವಿಜ್ಞಾನಿ ಕೀತ್ ಸಿಂಪ್ಸನ್ ದಾಖಲಿಸಿದರು. 2003ರಲ್ಲಿ ನ್ಯೂಜಿಲೆಂಡಿನ ವೈದ್ಯರು ಅದೇ ತೊಂದರೆಯಿಂದ ಸಾವಿನ ಅಂಚಿಗೆ ಹೋದ ಯುವಕನೊಬ್ಬನ ವರದಿ ಬರೆದರು. ಅವನು ಕುಳಿತದ್ದು ಕಂಪ್ಯೂಟರ್ ಮುಂದೆ, ದಿನಕ್ಕೆ 12 ಗಂಟೆ, ಒಮ್ಮೊಮ್ಮೆ 18 ಗಂಟೆ. ಇಂಥದು ಅಪರೂಪ, ಹೆದರಬೇಕಿಲ್ಲ. ಆದರೆ ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಅಧ್ಯಕ್ಷರ ಅನುಮತಿಯಿಂದ ಒಂದು ಕೋರಿಕೆ. ನಾವೆಲ್ಲ ಬಹಳ ಹೊತ್ತಿನಿಂದ ಕುಳಿತಿದ್ದೇವೆ. ಆಗುವವರು ಎದ್ದು ನಿಂತು, ಹಿಮ್ಮಡಿಯನ್ನು ಹತ್ತು ಸಲ ಮೇಲೆತ್ತಿ ಇಳಿಸಿ. ಆಗದವರು ಕುಳಿತಲ್ಲೇ ಪಾದ ಆಡಿಸಿ.

(ಸಭಿಕರು ಎದ್ದು ನಿಂತರು.)

ಧನ್ಯವಾದ. ಇದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ, ಉಪನ್ಯಾಸವೂ ಕೆಡಲಿಲ್ಲ. ಯಾವ ಕಚೇರಿಯ ಕೆಲಸವೂ ಇದರಿಂದ ಕೆಡಲಾರದು.

ಕೈ, ಕತ್ತು, ಕಣ್ಣು

ಎರಡನೆಯ ಕಾರಣ, ಒಂದೇ ಬಗೆಯ ಚಲನೆ. ಕಂಪ್ಯೂಟರಿನಲ್ಲಿ ಬೆರಳು ಚಲಿಸುತ್ತದೆ, ಉಳಿದದ್ದೆಲ್ಲ ಅಲುಗದೆ ನಿಲ್ಲುತ್ತದೆ. ತಲೆಯ ತೂಕ ಸುಮಾರು 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಕತ್ತಿನ ಹಿಂಭಾಗದ ಸ್ನಾಯುಗಳು ಬಿಗಿಹಿಡಿಯಬೇಕು. ಬೆನ್ನೆಲುಬಿನ ನಡುವಿನ ಡಿಸ್ಕುಗಳಿಗೆ ವಯಸ್ಕರಲ್ಲಿ ನೇರ ರಕ್ತ ಪೂರೈಕೆ ಬಹುತೇಕ ಇಲ್ಲ. ಸುತ್ತಲಿನಿಂದ ಇಂಗಿಬರುವ ಪೋಷಕಾಂಶವೇ ಅವುಗಳ ಆಹಾರ, ಅದಕ್ಕೆ ಚಲನೆ ನೆರವಾಗುತ್ತದೆ. ಆದ್ದರಿಂದ ಯಾವ ಭಂಗಿ ಸರಿ ಎಂಬ ಚರ್ಚೆಗೆ ನನ್ನ ಉತ್ತರ ಇಷ್ಟು: ಅತ್ಯುತ್ತಮ ಭಂಗಿಯಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಇರಬೇಡಿ.

ಲ್ಯಾಪ್‌ಟಾಪಿನ ತೊಂದರೆ ಅದರ ರಚನೆಯಲ್ಲೇ ಇದೆ. ಪರದೆ, ಕೀಲಿಮಣೆ ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದ ಎತ್ತರ ಕಣ್ಣಿಗೆ ತಗ್ಗು. ಕಣ್ಣಿಗೆ ಸರಿಯಾದದ್ದು ಕೈಗೆ ಎತ್ತರ. ಮನೆಯಲ್ಲಿ ಹಾಸಿಗೆಯ ಮೇಲೆ ಕುಳಿತು ಮಾಡುವ ಕೆಲಸ ಇನ್ನೂ ಕಷ್ಟ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ರತ್ಯೇಕ ಕೀಲಿಮಣೆ, ಮೌಸ್ ಜೋಡಿಸಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ, ಒಂದು ತೋಳಿನಷ್ಟು ದೂರವಿರಲಿ. ಮೊಣಕೈ ಪಕ್ಕೆಗೆ ಹತ್ತಿರವಿದ್ದು ಸುಮಾರು ಲಂಬಕೋನದಲ್ಲಿರಲಿ. ಕಚೇರಿ ಕುರ್ಚಿಗಳಲ್ಲಿ ನಮ್ಮ ಅನೇಕ ಹೆಣ್ಣುಮಕ್ಕಳ ಪಾದ ನೆಲಕ್ಕೆ ತಾಗುವುದಿಲ್ಲ. ತೂಗಾಡುವ ಕಾಲು ತೊಡೆಯ ಕೆಳಭಾಗವನ್ನು ಒತ್ತುತ್ತದೆ. ಅಲ್ಲಿ ಪಾದದ ಕೆಳಗೊಂದು ಮಣೆ ಇಟ್ಟುಕೊಂಡರೆ ಸಾಕು.

ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಅದಕ್ಕೆ ಕೀಲಿಮಣೆಯನ್ನೇ ದೂರುವ ಮುನ್ನ ಮಧುಮೇಹ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಗರ್ಭಿಣಿಯರಲ್ಲೂ ಇದು ಸಾಮಾನ್ಯ. ಬೆನ್ನುನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬಾರದು.

ಕಣ್ಣಿನ ವಿಷಯದಲ್ಲಿ ಭಯಕ್ಕಿಂತ ತಿಳಿವಳಿಕೆ ಬೇಕು. ಜಪಾನಿನ ವೈದ್ಯರು 1993ರಲ್ಲಿ ಅಳೆದು ತೋರಿಸಿದ್ದು ಹೀಗೆ: ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಸುಮಾರು 22 ಸಲ ರೆಪ್ಪೆ ಬಡಿಯುವ ಮನುಷ್ಯ ಪುಸ್ತಕ ಓದುವಾಗ 10 ಸಲ, ಪರದೆ ನೋಡುವಾಗ 7 ಸಲ ಬಡಿಯುತ್ತಾನೆ. ಕಣ್ಣೀರಿನ ಪದರ ಒಣಗಿ ಉರಿ ಬರುವುದು ಇದರಿಂದ. ಏಸಿ ಗಾಳಿ ನೇರ ಮುಖಕ್ಕೆ ಬೀಸಿದರೆ ಇನ್ನೂ ಹೆಚ್ಚು. ಪರದೆ ಕಣ್ಣಿಗಿಂತ ತುಸು ಕೆಳಗಿದ್ದರೆ ರೆಪ್ಪೆ ಹೆಚ್ಚು ಮುಚ್ಚಿಕೊಂಡು ತೇವ ಉಳಿಯುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡ್ ನೋಡುವ ಅಭ್ಯಾಸ ಹತ್ತಿರದ ನೋಟಕ್ಕೆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಸುರಿಯಬೇಕಿಲ್ಲ. ಕಣ್ಣಿನ ದಣಿವನ್ನು ಅವು ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆ ಹೇಳಿದೆ. ಚಾಳೀಸು ಬಂದವರು ಮಾತ್ರ ಒಂದು ಗಮನಿಸಿ. ಕನ್ನಡಕದ ಕೆಳಭಾಗದಿಂದ ಪರದೆ ನೋಡಲು ಗದ್ದ ಮೇಲೆತ್ತಿ ಕುಳಿತವರಿಗೆ ಕತ್ತು ನೋವು ಬಿಡುವುದಿಲ್ಲ. ಕಂಪ್ಯೂಟರಿನ ದೂರಕ್ಕೆಂದೇ ಬೇರೆ ಕನ್ನಡಕ ಬರೆಸಿಕೊಂಡರೆ ಆ ನೋವು ಎಷ್ಟೋ ಬಾರಿ ಇಳಿಯುತ್ತದೆ.

ಮನಸ್ಸೂ ಗಡಿಯಾರವೂ

ಮೂರನೆಯ ಕಾರಣದ ಬಗ್ಗೆ ನಮ್ಮಲ್ಲಿ ಮಾತು ಅತಿ ಕಡಿಮೆ. ಬ್ರಿಟನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು 1997ರಲ್ಲಿ ತೋರಿಸಿತು. ಯಾವಾಗ ಏಳಬೇಕು ಎಂಬುದನ್ನು ತಾನೇ ನಿರ್ಧರಿಸಬಲ್ಲವನ ಹತ್ತು ಗಂಟೆಯೂ, ಶೌಚಕ್ಕೆ ಹೋದ ನಿಮಿಷಗಳನ್ನು ಸಾಫ್ಟ್‌ವೇರ್ ಎಣಿಸುವ ಕಾಲ್ ಸೆಂಟರ್ ಹುಡುಗಿಯ ಹತ್ತು ಗಂಟೆಯೂ ಒಂದೇ ಅಲ್ಲ. ಬಯೋ ಬ್ರೇಕ್ ಎನ್ನುವ ಈ ಶೌಚವಿರಾಮದ ಲೆಕ್ಕಕ್ಕೆ ಅಂಜಿ ನೀರು ಕುಡಿಯುವುದನ್ನೇ ಬಿಟ್ಟವರಿದ್ದಾರೆ. ಶೌಚಾಲಯ ಸರಿಯಿಲ್ಲದ ತಾಲ್ಲೂಕು ಕಚೇರಿಗಳಲ್ಲೂ ಹೆಣ್ಣುಮಕ್ಕಳು ಹಾಗೇ ಮಾಡುತ್ತಾರೆ. ಮೂತ್ರನಾಳದ ಸೋಂಕು ಅವರನ್ನು ಮತ್ತೆ ಮತ್ತೆ ಕಾಡುತ್ತದೆ.

ಗಂಟೆಗಳ ಲೆಕ್ಕವೂ ನಮ್ಮ ಮುಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೇಳಿದ್ದು: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. 2016ರ ಒಂದೇ ವರ್ಷದಲ್ಲಿ ಅತಿ ದುಡಿಮೆಗೆ ಸಂಬಂಧಿಸಿದ ಸಾವುಗಳು ಸುಮಾರು 7.45 ಲಕ್ಷ. ವಾರಕ್ಕೆ 70 ಗಂಟೆ ದುಡಿಯಿರಿ, 90 ಗಂಟೆ ದುಡಿಯಿರಿ ಎಂದು ಯುವಜನರಿಗೆ ಕರೆಕೊಡುವ ಹಿರಿಯರು ಈ ಅಂಕಿಗಳನ್ನು ಓದಲಿ ಎಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ದೇಶ ಕಟ್ಟಬೇಕಾದವರು ಐವತ್ತಕ್ಕೂ ಮುನ್ನ ಹಾಸಿಗೆ ಹಿಡಿದರೆ ಕಟ್ಟುವವರು ಯಾರು?

ಭರವಸೆಯ ಅಂಕಿಯೂ ಇದೆ. 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರೂ 60ರಿಂದ 75 ನಿಮಿಷ ಚುರುಕಾಗಿ ನಡೆದರೆ, ಕೂರುವುದರಿಂದ ಬರುವ ಅಕಾಲ ಮರಣದ ಹೆಚ್ಚುವರಿ ಅಪಾಯ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದರೆ ಹತ್ತು ಗಂಟೆ ಕಚೇರಿಯಲ್ಲಿ, ಎರಡು ಗಂಟೆ ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ, ರಾತ್ರಿ ಮತ್ತೊಂದು ಗಂಟೆ ಅಮೆರಿಕದ ಕರೆಯಲ್ಲಿ ಕಳೆದವರಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು? ವ್ಯಾಯಾಮ ಮಾಡಿ ಎಂದು ಚೀಟಿ ಬರೆಯುವ ವೈದ್ಯರು ಈ ಪ್ರಶ್ನೆಗೂ ಉತ್ತರ ಹುಡುಕಬೇಕು.

ಹಕ್ಕಿನ ಮಾತು

1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ನಿಂತೇ ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕು ಎನ್ನುತ್ತಿತ್ತು. ಕೇರಳದ ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಮಾರಾಟಗಾರ್ತಿಯರು ಹೋರಾಡಿ 2018ರಲ್ಲಿ ಕೂರುವ ಹಕ್ಕನ್ನು ಗಳಿಸಿಕೊಂಡರು. 2021ರಲ್ಲಿ ತಮಿಳುನಾಡೂ ಅಂಥ ತಿದ್ದುಪಡಿ ತಂದಿತು. ನಿಂತೇ ಇದ್ದರೆ ಕಾಲಿನ ರಕ್ತನಾಳ ಉಬ್ಬುತ್ತದೆ, ಸೊಂಟ ಸೋಲುತ್ತದೆ. ಆದ್ದರಿಂದ ನಿಂತು ಕೆಲಸ ಮಾಡುವ ಮೇಜು ಕೂಡ ನಮ್ಮ ಸಮಸ್ಯೆಗೆ ಪೂರ್ಣ ಉತ್ತರವಲ್ಲ. ಆ ಮಾರಾಟಗಾರ್ತಿಯರು ಕೇಳಿದ್ದೂ ಪರದೆಯ ಮುಂದಿನವರು ಕೇಳಬೇಕಾದದ್ದೂ ಒಂದೇ, ಭಂಗಿ ಬದಲಾಯಿಸುವ ಸ್ವಾತಂತ್ರ್ಯ.

ಬ್ರಿಟನ್ 1992ರಲ್ಲೇ ಪರದೆಯ ಕೆಲಸಕ್ಕೆಂದು ನಿಯಮ ಮಾಡಿತು. ಕೆಲಸದ ನಡುವೆ ಆಗಾಗ ವಿರಾಮ ಅಥವಾ ಬೇರೆ ಬಗೆಯ ಕೆಲಸ ಬರುವಂತೆ ಯೋಜಿಸುವುದು ಅಲ್ಲಿ ಮಾಲೀಕರ ಹೊಣೆ. ನೌಕರರು ಕೇಳಿದರೆ ಕಣ್ಣಿನ ಪರೀಕ್ಷೆ ಮಾಡಿಸುವುದೂ ಅವರದೇ ಹೊಣೆ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಅದನ್ನು ರೂಪಿಸಿದವರ ಕಣ್ಣಮುಂದೆ ಕಂಪ್ಯೂಟರ್ ಇರಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ತಂತ್ರಜ್ಞಾನ ಕಂಪನಿ ಬೆಂಗಳೂರಿಗೆ ಬಂದು ನಾಲ್ಕು ದಶಕ ಕಳೆದ ಮೇಲೂ ನಾವು ಚರ್ಚಿಸುತ್ತಿರುವುದು ಮಿತಿಯನ್ನು ಸಡಿಲಿಸುವುದನ್ನು. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 12 ಗಂಟೆಗೂ ಮೀರಿ ದುಡಿಸಿಕೊಳ್ಳಲು ದಾರಿ ಮಾಡುವ ಪ್ರಸ್ತಾವ ಬಂತು. ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಆ ವಿರೋಧವನ್ನು ವೈದ್ಯಶಾಸ್ತ್ರ ಪೂರ್ತಿಯಾಗಿ ಬೆಂಬಲಿಸುತ್ತದೆ ಎಂದು ಈ ವೇದಿಕೆಯಿಂದ ಹೇಳಬಯಸುತ್ತೇನೆ.

ಮನೆಯವರಲ್ಲಿ ನನ್ನ ಕೋರಿಕೆ: ಕುಳಿತು ದುಡಿದು ಬಂದವರ ದಣಿವನ್ನು ನಂಬಿ. ಊಟವಾದ ಮೇಲೆ ಅವರ ಜೊತೆ ಹತ್ತು ನಿಮಿಷ ನಡೆಯಿರಿ. ತಂಡ ನಡೆಸುವವರಲ್ಲಿ ಕೋರಿಕೆ: ಗಂಟೆಯ ಮೀಟಿಂಗನ್ನು 50 ನಿಮಿಷಕ್ಕೆ ಮುಗಿಸಿ, ಬೆಳಗಿನ ಸ್ಟ್ಯಾಂಡಪ್ ಸಭೆಯನ್ನು ನಿಜಕ್ಕೂ ನಿಂತು ನಡೆಸಿ, ರಾತ್ರಿ ಒಂಬತ್ತರ ನಂತರ ಉತ್ತರ ನಿರೀಕ್ಷಿಸಬೇಡಿ. ವೈದ್ಯಬಂಧುಗಳಲ್ಲಿ ಕೋರಿಕೆ: ರಾಮತ್ಸೀನಿಯ ಪ್ರಶ್ನೆ ಕೇಳಿ, ಎಷ್ಟು ಗಂಟೆ ಕೂರುತ್ತೀರಿ ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಸರ್ಕಾರದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಪರದೆಯ ಮುಂದಿನ ಪ್ರತಿ ಗಂಟೆಗೆ ಕನಿಷ್ಠ 5 ನಿಮಿಷದ ಸಂಬಳಸಹಿತ ವಿರಾಮ, ಶೌಚದ ಸಮಯ ಅದರಲ್ಲಿ ಸೇರಬಾರದು. ವರ್ಷಕ್ಕೊಮ್ಮೆ ಕಣ್ಣು, ರಕ್ತದೊತ್ತಡ, ಸಕ್ಕರೆಯ ಉಚಿತ ಪರೀಕ್ಷೆ. ನಾಡಕಚೇರಿಯ ಗುತ್ತಿಗೆ ನೌಕರರಿಗೂ ಇದು ಸಿಗಬೇಕು. ವಾರಕ್ಕೆ 48 ಗಂಟೆಯ ಮಿತಿಗೆ ಯಾವ ವಲಯಕ್ಕೂ ವಿನಾಯಿತಿ ಬೇಡ. ಪರದೆಯ ದುಡಿಮೆಯಿಂದ ಇಷ್ಟೊಂದು ಸಂಪತ್ತು ಪಡೆದ ಕರ್ನಾಟಕ, ಆ ದುಡಿಮೆಗಾರರ ದೇಹ ಕಾಯುವುದರಲ್ಲೂ ಮುಂದಾಗಬೇಕು. ಈ ಮೂರು ಬೇಡಿಕೆಗಳ ಮನವಿಪತ್ರ ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲಿದೆ. ಮೊದಲ ಸಹಿ ನನ್ನದಾಗಿದೆ; ಒಪ್ಪುವವರು ಸಹಿ ಮಾಡಿ, ನಾಳೆ ಅದನ್ನು ಕಾರ್ಮಿಕ ಇಲಾಖೆಗೆ ತಲುಪಿಸುತ್ತೇವೆ.